ರಾಜು ಎಂಬ ಡ್ರೈವರ್ ಇರಲಿಲ್ಲ

ಅವ್ವಾ, ನಿಮ್ಮ ಮಗಳನ್ನು ನೋಡಲು ಬಂದ ದಿನ ನೀವು ಹಿಂದಿನ ಜಗುಲಿಯ ಮೇಲೆ ಕೂರಿಸಿ ರೊಟ್ಟಿ ಬಡಿಸಿದಿರಲ್ಲ, ಆ ಡ್ರೈವರ್ — ಅವನು ಡ್ರೈವರ್ ಅಲ್ಲ. ಅವನ ಹೆಸರು ರಾಜುವೂ ಅಲ್ಲ. ಹುಡುಗನ ಮನೆಯಲ್ಲಿ ಅವನು ಒಂದು ದಿನವೂ ಕೆಲಸ ಮಾಡಿದವನಲ್ಲ. ಆ ಕಾರು ಅವನದೇ. ಹುಡುಗ ಹೇಗೆ ಎಂದು ನೀವು ಕೇಳಿದ್ದಕ್ಕೆ ಅವನು ಹೇಳಿದ್ದು ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು. ಅವನು ನಾನು.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನಿಮ್ಮ ಕಣ್ಣು ಈಗ ಪೂರ್ತಿ ಹೋಗಿದೆ ಎಂದು ಕೇಳಿದ್ದೇನೆ. ಇದನ್ನು ನಿಮಗೆ ಕಳಿಸಿದರೆ ಓದಿ ಹೇಳಬೇಕಾದವಳು ನಿಮ್ಮ ಮಗಳು ಸುವರ್ಣಳೇ. ಆ ಕೆಲಸವನ್ನು ಅವಳಿಗೆ ಹೊರಿಸಲಾರೆ — ಅವಳಿಗೆ ಹೊರಿಸಿದ್ದು ಈಗಾಗಲೇ ಸಾಕಷ್ಟಿದೆ. ಹಾಗಾಗಿ ಇದು ಕಳಿಸಲು ಬರೆದದ್ದಲ್ಲ. ನಿಮ್ಮೆದುರು ನಿಂತಾಗ ನನ್ನ ನಾಲಿಗೆ ಮತ್ತೆ ಸುಲಭದ ದಾರಿ ಹಿಡಿಯಬಾರದು ಎಂದು, ಮೊದಲು ಕಾಗದದ ಮೇಲೆ ಅದನ್ನು ಸರಿಮಾಡಿಕೊಳ್ಳುತ್ತಿದ್ದೇನೆ.

ನಾನು ವೀರಭದ್ರ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಮ್ಮದು. ನಮ್ಮದಾಗಿತ್ತು ಅನ್ನಬೇಕು.

ಮೊದಲು ಕಾರಿನ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಅಲ್ಲಿಂದಲೇ ಶುರುವಾದದ್ದು. ಅದು ತೊಂಬತ್ತರ ದಶಕದ ಕೊನೆ. ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬಂದು ಇಳಿಯುತ್ತಿತ್ತು. ನಮ್ಮೂರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಮ್ಮ ಮಿಲ್ಲಿನ ಸದ್ದೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಊರವರ ಕಣ್ಣಲ್ಲಿ ಆ ಲೆಕ್ಕ ಕಾಣಿಸುತ್ತಿತ್ತು — ಇವನದೂ ಇನ್ನೆಷ್ಟು ದಿನ ಎಂಬ ನೋಟ. ಅದನ್ನು ತಡೆಯಲಾಗದೆ ನಾನು ಮಾಡಿದ ಕೆಲಸವೆಂದರೆ ಬೆಂಗಳೂರಿಗೆ ಹೋಗಿ ಒಂದು ಜರ್ಮನ್ ಕಾರು ತಂದದ್ದು. ಯಾವುದೋ ಕಾರ್ಖಾನೆಯ ಯಜಮಾನರು ಓಡಿಸಿ ಬಿಟ್ಟದ್ದು, ಕಡುನೀಲಿ ಬಣ್ಣ, ಉದ್ದ ಮೂತಿ. ಮುಳುಗುವವನು ಜರಿ ಪೇಟ ಸುತ್ತಿಕೊಂಡ ಹಾಗಾಯಿತು ಎಂದು ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಊರಿನಲ್ಲಿ ಅಂಥ ಕಾರು ಅದೇ ಮೊದಲು. ಮಾರ್ಕೆಟ್ ಯಾರ್ಡಿನಲ್ಲಿ ನಿಲ್ಲಿಸಿದರೆ ಹಮಾಲರು ಮೂಟೆ ಇಳಿಸಿ ಬಂದು ನೋಡುತ್ತಿದ್ದರು. ಅದರ ಬಾಗಿಲು ಮುಚ್ಚುವ ಸದ್ದು ಕೇಳಲೆಂದೇ ಕೆಲವರು ಬರುತ್ತಿದ್ದರು — 'ದಪ್' ಎಂದು ಮೆತ್ತಗೆ, ಭಾರವಾಗಿ ಮುಚ್ಚಿಕೊಳ್ಳುತ್ತಿತ್ತು. 'ಇನ್ನೊಂದ್ಸಲ ಹಾಕು ವೀರಭದ್ರಣ್ಣ' ಅನ್ನುತ್ತಿದ್ದರು, ನಾನು ಹಾಕುತ್ತಿದ್ದೆ. ಒಳಗೆ ಕೂತು ಗಾಜು ಏರಿಸಿದರೆ ಹೊರಗಿನ ಒಂದು ಮಾತೂ ಕೇಳದು. ಓಡುವಾಗಲೂ ಸದ್ದಿಲ್ಲ. ನಮ್ಮ ಹಳೆಯ ಅಂಬಾಸಿಡರ್ ಅಷ್ಟು ದೂರದ ತಳಕು ಊರನ್ನು ದಾಟುವಾಗಲೇ ಮನೆಯವರಿಗೆ ಗೊತ್ತಾಗುತ್ತಿತ್ತು ಎಂದು ತಮಾಷೆ ಮಾಡುತ್ತಿದ್ದೆವು. ಇದು ಬಂದು ಪಕ್ಕದಲ್ಲಿ ನಿಂತರೂ ಜನ ಬೆಚ್ಚಿ ತಿರುಗುತ್ತಿದ್ದರು.

ಜಟಿಂಗ ರಾಮೇಶ್ವರದ ಬೆಟ್ಟದ ಬುಡದಲ್ಲಿ ಪೂಜೆ ಮಾಡಿಸಿದೆವು. ಚಕ್ರದಡಿ ಇಟ್ಟ ನಿಂಬೆಹಣ್ಣುಗಳಲ್ಲಿ ಒಂದು ನಜ್ಜಾಗದೆ ಉರುಳಿ ಹೋಯಿತು. 'ಇನ್ನೊಂದು ಇಡಿಸ್ರಿ' ಎಂದು ನನ್ನ ಹೆಂಡತಿ ಪಾರ್ವತಿ ಅಂದಳು. ಜನ ನೋಡುತ್ತಿದ್ದರು, ಕಾರು ಎಷ್ಟು ಬೇಗ ಎಷ್ಟು ನಯವಾಗಿ ಹೊರಡುತ್ತದೆಂದು ತೋರಿಸುವ ಆತುರ ನನಗೆ. ಹೊರಟುಬಿಟ್ಟೆ. ನಿಂಬೆಹಣ್ಣಿನ ಮೇಲೆ ತಪ್ಪು ಹೊರಿಸುತ್ತಿಲ್ಲ ಅವ್ವಾ. ಆದರೆ ದಾರಿಯುದ್ದಕ್ಕೂ ಅವಳು ತಿರುಗಿ ತಿರುಗಿ ಹಿಂದಕ್ಕೆ ನೋಡುತ್ತಿದ್ದಳು ಎನ್ನುವುದು ನೆನಪಿದೆ.

ಆ ಕಾರಿನ ಸ್ಟೇರಿಂಗನ್ನು ನಾನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಮ್ಮ ರಸ್ತೆಯ ಪ್ರತಿ ಉಬ್ಬಿಗೂ ಅದರ ಹೊಟ್ಟೆ ತಾಗುತ್ತಿತ್ತು. ಏನಾದರೂ ಮುರಿದರೆ ಸಾಮಾನು ಬೆಂಗಳೂರಿನಿಂದಲೇ ಬರಬೇಕು. ತೊಳೆಯುವುದೂ ನಾನೇ, ಒರೆಸುವುದೂ ನಾನೇ. ಇದು ಊರಿಗೆಲ್ಲ ಗೊತ್ತಿದ್ದ ನನ್ನ ಹುಚ್ಚು. ನಿಮ್ಮ ಮಗಳ ಬದುಕು ಹೋಗಿ ಸಿಕ್ಕಿಕೊಂಡದ್ದು ಆ ಹುಚ್ಚಿಗೆ.

ನನ್ನ ಸೋದರಮಾವ ಮಂಡಿ ವ್ಯಾಪಾರಿ. ಅವರ ಮಗ ಮಹೇಶ. ಅವನಿಗೆ ಮೊಳಕಾಲ್ಮುರಿನಲ್ಲಿ ನಮ್ಮವರದೇ ಹೆಣ್ಣಿದೆ, ತಂದೆ ಇಲ್ಲ, ತಾಯಿಯೇ ಮಗ್ಗ ನಡೆಸಿಕೊಂಡು ಬೆಳೆಸಿದ್ದಾರೆ ಎಂದು ಸುದ್ದಿ ಬಂತು. ಹೆಣ್ಣು ನೋಡಲು ಹೋಗುವುದಕ್ಕೆ ಮಾವ ಕಾರು ಕೇಳಿದರು.

"ಕಾರು ಕೊಡ್ತೀನಿ ಮಾವ, ಸ್ಟೇರಿಂಗ್ ಕೊಡಲ್ಲ," ಎಂದೆ.

"ಹಂಗಾದ್ರೆ ನೀನೇ ಡ್ರೈವರಾಗಿ ಬಾರಲೇ," ಎಂದು ನಕ್ಕರು ಮಾವ. "ಕಾರು ನಿಂದು ಅಂತ ಗೊತ್ತಾದ್ರೆ ನಮ್ಮ ಮರ್ಯಾದಿ ಏನು ಉಳೀತು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಿಲ್ಲಿನ ವಾಚ್‌ಮನ್ನನ ಖಾಕಿ ಅಂಗಿ ಒಗೆಸಿ ತೊಟ್ಟುಕೊಂಡೆ. ಹಣೆಯ ವಿಭೂತಿ ಒರೆಸಿಕೊಂಡೆ. ಅದೊಂದು ಆಟದಂತೆ ಇತ್ತು — ಇಲ್ಲ, ಹಾಗೆ ಬರೆಯಬಾರದು. ಆಟ ಎಂದರೆ ತಪ್ಪು ಹಗುರವಾಗುತ್ತದೆ. ಮಹೇಶ ಎಂಥವನು ಎಂದು ನನಗೆ ಆಗಲೇ ಗೊತ್ತಿತ್ತು.

ಅದಕ್ಕೂ ಮುಂಚಿನ ವರ್ಷ, ಒಂದು ಮಧ್ಯಾಹ್ನ ಮಾವನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಮಹೇಶ ತನ್ನ ತಾಯಿಯ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದಿದ್ದ. ಬಳೆಗಳು ಒಡೆದು ನೆಲಕ್ಕೆ ಬೀಳುತ್ತಿದ್ದವು. ಅತ್ತೆ ಕೂಗುತ್ತಿರಲಿಲ್ಲ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಯಾವುದೋ ತಿರುಪು ಬಿಗಿ ಮಾಡುವವನಂತೆ ಇದ್ದ. ಆಮೇಲೆ ಬಿಟ್ಟು, ಅರ್ಧಕ್ಕೆ ನಿಲ್ಲಿಸಿದ್ದ ಊಟಕ್ಕೆ ಮತ್ತೆ ಕೂತ. ಅತ್ತೆ ಬಳೆಚೂರು ಆರಿಸಿ ಸೆರಗಿಗೆ ಹಾಕಿಕೊಂಡರು. ನಾನು ಹಿಂದಕ್ಕೆ ಹೋಗಿ, ಕೆಮ್ಮಿ ಸದ್ದು ಮಾಡಿಕೊಂಡು ಮತ್ತೆ ಬಂದೆ. "ಬಚ್ಚಲಾಗೆ ಜಾರಿದೆ ಕಣಪ್ಪಾ," ಎಂದರು ಅತ್ತೆ, ಕೈ ಮುಚ್ಚಿಕೊಂಡು. ನಾನು ತಲೆಯಾಡಿಸಿದೆ. ಪಾರ್ವತಿಗೂ ಹೇಳಲಿಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ನಾನು ಆ ಕಾರನ್ನು ನಿಮ್ಮ ಬಾಗಿಲಿಗೆ ತಂದು ನಿಲ್ಲಿಸಿದೆ.

ನಮ್ಮ ಕಡೆಯ ರೂಢಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಗಂಡಿನ ವಿಷಯ ಬೀಗರನ್ನು ಕೇಳಿದರೆ ಹೊಗಳುತ್ತಾರೆ, ಅಕ್ಕಪಕ್ಕದವರನ್ನು ಕೇಳಿದರೆ ಹೊಟ್ಟೆಕಿಚ್ಚು. ಆದ್ದರಿಂದ ಹೆಣ್ಣಿನ ಮನೆಯ ಹಿರಿಯರೊಬ್ಬರು ತಟ್ಟೆ ಹಿಡಿದು ಡ್ರೈವರ್ ಕೂತಲ್ಲಿಗೆ ಬರುತ್ತಾರೆ. ಮನೆಯೊಳಗಿನ ಮಾತು ಹಿಂದಿನ ಸೀಟಿನಲ್ಲಿ ಆಡುವುದು, ಅದನ್ನು ಕೇಳುವವನು ಮುಂದೆ ಕೂತವನು. ಹೊಟ್ಟೆ ತುಂಬಿದರೆ ನಿಜ ಹೇಳುತ್ತಾನೆ ಎಂಬ ನಂಬಿಕೆ. ನನ್ನ ಅಕ್ಕನ ಮದುವೆಗೆ ಮುಂಚೆ ನನ್ನ ತಾಯಿಯೇ ಹೀಗೆ ಕೇಳಿದ್ದರು.

ಒಳಗೆ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು. ನನಗೆ ಮಾತ್ರ ನೀವು ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ತಂದಿರಿ. ಗೋಡೆ ಹಿಡಿದುಕೊಂಡು ಬಂದಿರಿ. ಜರಿಯ ಎಳೆ ನೋಡಿ ನೋಡಿ ನಿಮ್ಮ ಕಣ್ಣು ಆಗಲೇ ಮಬ್ಬಾಗಿತ್ತು.

"ಉಪ್ಪಿಟ್ಟು ತಿಂದು ಗಾಡಿ ಹೊಡೆಯಾಕೆ ಆಗಲ್ಲ ನಾಯನಾ, ಹೊಟ್ಟೆ ತುಂಬ ಉಣ್ಣು," ಎಂದಿರಿ. ಆಂಧ್ರದ ಗಡಿಯ ನಿಮ್ಮ ಕಡೆ ತಾಯಂದಿರು ಮಕ್ಕಳನ್ನು ಕರೆಯುವ ಮಾತು ಅದು, ನಾಯನಾ. ಹೊಸಿಲ ಪಕ್ಕ ಕೂತಿರಿ. ಒಳಗಿನ ಕೋಣೆಯಲ್ಲಿ ಮಗ್ಗ ನಿಂತಿತ್ತು.

"ನಿನ್ನ ಗಾಡಿ ಬಂದಿದ್ದೇ ಗೊತ್ತಾಗ್ಲಿಲ್ಲ. ಬಾಗಿಲು ಹಾಕಿದಾಗ ದಪ್ ಅಂತು, ಅಷ್ಟೇ. ಸದ್ದಿಲ್ಲದೆ ಬಂದಿದ್ದು ಕಂಡ್ರೆ ನನಗೆ ಯಾಕೋ ಅಂಜಿಕೆ," ಎಂದಿರಿ. ಆಮೇಲೆ ದನಿ ತಗ್ಗಿಸಿದಿರಿ. "ನಂದು ಒಂದೇ ಮಗು ನಾಯನಾ. ಮೆತ್ತಗಿನ ಹುಡುಗಿ. ಸಾವುಕಾರ್ರು, ಕಾರು, ಅದೆಲ್ಲ ನನಗೆ ಬ್ಯಾಡ. ಹುಡುಗ ಕೈ ಎತ್ತಾನಾ, ಅದೊಂದು ಹೇಳು."

ನೀವು ಬೇರೆ ಏನನ್ನು ಕೇಳಿದ್ದರೂ — ಕುಡಿಯುತ್ತಾನಾ, ಸಾಲ ಇದೆಯಾ — ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ನೀವು ಕೇಳಿದ್ದು ಅದನ್ನೇ. ನನ್ನ ಕಣ್ಣಮುಂದೆ ಬಳೆಚೂರು ಬಂತು. ಬಾಯಲ್ಲಿ ನಿಮ್ಮ ರೊಟ್ಟಿ ಇತ್ತು. ಅದನ್ನು ನುಂಗಿ, ಇನ್ನೊಂದು ತುತ್ತು ಮುರಿದು ಮೊಸರಿಗೆ ಅದ್ದಿದೆ.

"ಹಸು ಕಣವ್ವಾ," ಎಂದೆ. "ಐದು ವರ್ಷದಿಂದ ಅವರ ಮನ್ಯಾಗೆ ಇದೀನಿ. ಒಂದು ದಿನ ದನಿ ಎತ್ತಿದ್ದು ಕೇಳಿಲ್ಲ."

ಕೊನೆಯ ಮಾತು ಮಾತ್ರ ನಿಜವೇ ಆಗಿತ್ತು, ಅವನು ದನಿ ಎತ್ತುತ್ತಿರಲಿಲ್ಲ. ಅದನ್ನು ಹೇಳುವಾಗಲೇ ನನಗದು ಹೊಳೆಯಿತು, ನಾಚಿಕೆಯಾಗುವ ಬದಲು ಒಂಥರಾ ನಿರಾಳವಾಯಿತು. ಹೆಸರು ಕೇಳಿದಿರಿ, ರಾಜು ಎಂದೆ. ಕೈ ಚಾಚಿ ನನ್ನ ತಲೆ ತಡಕಿ ಮುಟ್ಟಿ, "ನಿನ್ನ ಬಾಯಿಂದ ಬಂತಲ್ಲ, ಸಾಕು," ಎಂದಿರಿ. ಹೊರಡುವಾಗ ಸುವರ್ಣ ಚೊಂಬು ಹಿಡಿದು ಕಾರಿನ ಹತ್ತಿರ ಬಂದಳು. "ಡ್ರೈವರಣ್ಣಾ, ನೀರು," ಎಂದಳು. ಕಾರನ್ನು ಅವಳು ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡಿದಳು, ತಾಯಿಗೆ ಏನು ಹೇಳಿರಬಹುದು ಎಂದು ಅಲ್ಲಿ ಓದುವವಳಂತೆ. ನಾನು ಕತ್ತೆತ್ತಿ ಎತ್ತರದಿಂದ ನೀರು ಕುಡಿದೆ.

ಯಾಕೆ ಹಾಗೆ ಹೇಳಿದೆ? ಮಾವನ ಋಣ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಪೂರ್ತಿ ನಿಜವಲ್ಲ. ನಿಜ ಹೇಳಿದ್ದರೆ ವೇಷ ಕಳಚಬೇಕಿತ್ತು. ಆ ಊರಿನ ಜನ ಸುತ್ತ ನಿಂತು ಮೆಚ್ಚುತ್ತಿದ್ದ ಆ ಕಾರಿನಲ್ಲಿ ಬಂದವರೆಲ್ಲ ಸುಳ್ಳರು ಎಂದಾಗುತ್ತಿತ್ತು, ಕಾರಿಗೆ ಕಳಂಕ ಬರುತ್ತಿತ್ತು. ಇಷ್ಟೇ, ಅವ್ವಾ. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನ ಬಳಿ ಇಲ್ಲ.

ಮದುವೆಗೆ ನಾನು ಹೋಗಲಿಲ್ಲ, ಬೆಂಗಳೂರಿನಲ್ಲಿ ಕೆಲಸ ಎಂದೆ. ಆದರೆ ಮಾವನ ಮನೆಯೂ ನಮ್ಮ ಮಿಲ್ಲೂ ಒಂದೇ ರಸ್ತೆಯಲ್ಲಿ. ಎಷ್ಟು ದಿನ ತಪ್ಪಿಸಿಕೊಳ್ಳಲಿ? ಒಂದು ಸೋಮವಾರ ವಿಭೂತಿ ಹಚ್ಚಿ, ಬಿಳಿ ಪಂಚೆ ಉಟ್ಟು ಕಾರಿನಿಂದ ಇಳಿಯುವಾಗ ಸುವರ್ಣ ಎದುರಿಗೆ ಬಂದಳು. ನಿಂತಳು. ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾದದ್ದನ್ನು ನಾನು ಕಣ್ಣಾರೆ ಕಂಡೆ. ಬೈಯುತ್ತಾಳೆ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ನಿಮಗೆ ಅವಳು ಹೇಳಲಿಲ್ಲ ಎಂದು ಆಮೇಲೆ ತಿಳಿಯಿತು. ನೀವು ಕೇಳಿ, ನಂಬಿ, ತಲೆ ಮುಟ್ಟಿ ತಂದ ಮಾತು ಸುಳ್ಳೆಂದು ನಿಮಗೆ ಗೊತ್ತಾಗಬಾರದು ಎಂದಿರಬೇಕು. ನನ್ನ ಸುಳ್ಳನ್ನು ನನಗಿಂತ ಜತನವಾಗಿ ಕಾಪಾಡಿದವಳು ಅವಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮಿಲ್ಲಿನ ಗೇಟಿಗೆ ಬಂದಳು. ಒಂದು ಕೈಯಲ್ಲಿ ಹಸಿರು ಬಳೆಗಳಿದ್ದವು, ಇನ್ನೊಂದು ಕೈ ಬರಿದಾಗಿತ್ತು.

"ಡ್ರೈವರಣ್ಣಾ," ಎಂದಳು. ಎಲ್ಲ ಗೊತ್ತಿದ್ದೂ ಹಾಗೆಯೇ ಕರೆದಳು. "ನಮ್ಮ ಅವ್ವನ ಹತ್ರ ಬಿಡ್ತೀರಾ? ಬಸ್ಸಿನಾಗೆ ಹೋದ್ರೆ ಸ್ಟ್ಯಾಂಡಿಗೇ ಬಂದು ಕರ್ಕೊಂಡು ಹೋಗ್ತಾರೆ."

ನಾನು ಆಗಷ್ಟೇ ತಳಕಿನಿಂದ ಬಂದು, ಕಾರಿಗೆ ಹೊದಿಕೆ ಹಾಕಿ ಕೂತಿದ್ದೆ. "ಕಾರು ಕೆಟ್ಟು ಕೂತೈತಮ್ಮ, ಸಾಮಾನು ಬೆಂಗಳೂರಿಂದ ಬರಬೇಕು," ಎಂದೆ. ಆ ಕಾರು ಕೆಡುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ನಂಬುವಂಥ ನೆಪ. ಅವಳು ಕಾರಿನ ಹತ್ತಿರ ಹೋಗಿ ಹೊದಿಕೆಯ ಕೆಳಗೆ ಕೈ ಇಟ್ಟಳು, ಬಾನೆಟ್ಟಿನ ಮೇಲೆ.

"ಬಿಸಿ ಐತೆ," ಎಂದಳು.

ಅಷ್ಟೇ. ಕೈ ತೆಗೆದು ಬಂದ ದಾರಿಯಲ್ಲೇ ವಾಪಸು ನಡೆದಳು. ನಾನು ಕೂಗಿ ಕರೆಯಬಹುದಿತ್ತು. ಗೇಟು ದಾಟುವವರೆಗೂ ಕರೆಯಬಹುದಿತ್ತು, ರಸ್ತೆ ತಿರುಗುವವರೆಗೂ...

ಆಮೇಲೆ ಚಳ್ಳಕೆರೆಯಲ್ಲೇ ಪಂಚಾಯಿತಿ. ಅವಳು ಹೇಗೋ ಒಮ್ಮೆ ನಿಮ್ಮ ಮನೆ ಸೇರಿದ್ದಳು. ಮಾವನ ಕಡೆಯವರು ನಮ್ಮ ಸಮಾಜದ ಹಿರಿಯರನ್ನು ಸೇರಿಸಿದರು. ನಾಲ್ಕು ಜನ ಹಿರಿಯರಲ್ಲಿ ನಾನೂ ಒಬ್ಬ. ಎಣ್ಣೆ ಮಿಲ್ಲಿನವನು, ಜರ್ಮನ್ ಕಾರಿನವನು, ಮಾತಿಗೆ ತೂಕವಿದ್ದವನು. ಆ ದಿನ ಕಾರು ತರಲಿಲ್ಲ, ಸ್ಕೂಟರಿನಲ್ಲಿ ಬಂದೆ. ಯಾಕೆ ಗೊತ್ತಾ? ಬಾಗಿಲ ಸದ್ದು ನೀವು ಗುರುತಿಸುತ್ತೀರಿ ಎಂದು.

ನಿಮ್ಮ ಅಣ್ಣನ ಮಗ ಕೈ ಹಿಡಿದು ನಿಮ್ಮನ್ನು ಕರೆತಂದ. ನೀವು ಅಳಲಿಲ್ಲ. ನಿಂತೇ ಮಾತಾಡಿದಿರಿ.

"ನನ್ನ ಮಾತು ಬಿಡ್ರಿ, ನನ್ನ ಮಗಳ ಮಾತೂ ಬಿಡ್ರಿ. ಇವರ ಮನ್ಯಾಗೆ ರಾಜು ಅಂತ ಡ್ರೈವರ್ ಅವ್ನೆ. ಅವನ್ನ ಕರೆಸ್ರಿ. ನನ್ನ ಕೈಯಾಗೆ ಉಂಡಾನೆ, ನನ್ನ ಮುಂದೆ ಸುಳ್ಳು ಹೇಳಲ್ಲ. ಹುಡುಗ ಕೈ ಎತ್ತಲ್ಲ ಅಂತ ಅವನು ಇನ್ನೊಂದ್ಸಲ ಅಂದ್ರೆ ಈಗಿಂದೀಗ ಮಗಳನ್ನ ಕಳಿಸ್ತೀನಿ."

ಮಾವ ನನ್ನ ಕಡೆ ನೋಡದೆ ಹೇಳಿದರು: "ಅದು ಬಾಡಿಗಿ ಗಾಡಿ ಕಣಮ್ಮ. ಯಾವನೋ ಡ್ರೈವರು, ಎಲ್ಲಿಯವನೋ. ನಮ್ಮ ಮನ್ಯಾಗೆ ಯಾವ ರಾಜೂನೂ ಇಲ್ಲ."

"ಐದು ವರ್ಷದಿಂದ ಇದೀನಿ ಅಂದನಲ್ರಿ."

ಯಾರೋ ನಕ್ಕರು. ಕಣ್ಣು ಹೋದಂತೆ ಬುದ್ಧಿಯೂ ಹೋಗಿದೆ ಎಂದು ಹಿಂದಿನಿಂದ ಒಬ್ಬ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನಿಮಗೂ ಕೇಳಿಸಿರಬೇಕು. ನೀವು ತಲೆಯನ್ನು ಅತ್ತಿತ್ತ ತಿರುಗಿಸುತ್ತಿದ್ದಿರಿ, ರಾಜುವಿನ ದನಿ ಎಲ್ಲಾದರೂ ಸಿಕ್ಕೀತೇ ಎನ್ನುವಂತೆ. ನಿಮ್ಮಿಂದ ಒಂದು ಮಾರು ದೂರದಲ್ಲಿ ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಕೆಮ್ಮು ಬಂದದ್ದನ್ನೂ ತಡೆದುಕೊಂಡೆ. ಸುವರ್ಣ ಕಂಬದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ಬೆರಳು ತೋರಿಸಿ 'ಇವನೇ' ಎನ್ನಬಹುದಿತ್ತು. ಅನ್ನಲಿಲ್ಲ. ನಾನಾಗಿಯೇ ಹೇಳಲಿ ಎಂದು ಕಾದಳು — ಹಾಗೆಂದೇ ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

"ಹುಡುಗಿ ಗಂಡನ ಮನೆಗೆ ಹೋಗಲಿ, ಇನ್ನು ಮುಂದೆ ನಾವು ನೋಡ್ಕೊಳ್ಳಾಣ. ಏನಂತೀಯ ವೀರಭದ್ರಣ್ಣ?" ಎಂದರು ಪಕ್ಕದ ಹಿರಿಯರು.

ನಾನು ತಲೆಯಾಡಿಸಿದೆ. ಅತ್ತೆಯ ಬಳೆ ಒಡೆದ ದಿನ ಆಡಿಸಿದ ಹಾಗೆಯೇ. ಸುವರ್ಣ ಆಗ ಕಣ್ಣು ಕೆಳಗೆ ಹಾಕಿದಳು. ಆಮೇಲೆ ಅವಳು ನನ್ನ ಮುಖವನ್ನು ನೋಡಿಲ್ಲ.

ಉಳಿದದ್ದು ನಿಮಗೇ ಗೊತ್ತು. ಅವಳ ಎಡಗಿವಿ ಹೋದದ್ದು, ಹೊಟ್ಟೆಯಲ್ಲಿದ್ದದ್ದು ಹೋದದ್ದು. ಕೊನೆಗೊಂದು ಬೆಳಿಗ್ಗೆ ಯಾರ ಕಾರನ್ನೂ ಕೇಳದೆ ಅವಳೇ ಬಸ್ಸು ಹತ್ತಿ ಬಂದು ನಿಮ್ಮ ಮನೆ ಸೇರಿದ್ದು. ನಿಮಗೆ ಗೊತ್ತಿಲ್ಲದ ಇನ್ನೊಂದಿದೆ. ಅವರಿಬ್ಬರ ಮದುವೆ ಬಿಡುಗಡೆಯಾದ ಮೇಲೆ ಮಹೇಶನಿಗೆ ಮತ್ತೊಂದು ಹೆಣ್ಣು ನೋಡಲು ಮಾವ ಬಂದು ಕಾರು ಕೇಳಿದರು. ನಾನು ಕೊಡಲಿಲ್ಲ. ಕೊಡಲಿಲ್ಲವೆಂದು ಆ ರಾತ್ರಿ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದೆ. ಆ ಹೆಣ್ಣಿನ ಮನೆ ಎಲ್ಲಿ ಎಂದು ಕೇಳಿ ಹೋಗಿ ಒಂದು ಮಾತು ಹೇಳಬಹುದಿತ್ತಲ್ಲ, ಅದು ಮಾಡಲಿಲ್ಲ. ಅವರು ಬೇರೆ ಕಾರಿನಲ್ಲಿ ಹೋದರು. ಆ ಹುಡುಗಿ ಈಗ ಆ ಮನೆಯಲ್ಲಿದ್ದಾಳೆ. ರಸ್ತೆಯಲ್ಲಿ ಕಂಡರೆ ನಾನು ಅವಳ ಕೈಗಳನ್ನು ನೋಡುತ್ತೇನೆ.

ಕಾರು ಮಿಲ್ಲಿನ ಗೋದಾಮಿನಲ್ಲಿದೆ. ಮಿಲ್ಲು ನಿಂತು ಎಷ್ಟೋ ಕಾಲವಾಯಿತು. ಕೊಳ್ಳಲು ಒಬ್ಬಿಬ್ಬರು ಬಂದರು. ಅವರ ಮುಂದೆ ಬಾಗಿಲು ಹಾಕಿ ತೋರಿಸಬೇಕಾಗುತ್ತದೆ, ಅದು ನನ್ನ ಕೈಯಲ್ಲಿ ಆಗಲಿಲ್ಲ. ವೈರುಗಳನ್ನು ಇಲಿಗಳು ಕಡಿದಿವೆ. ಈಗ ಅದು ನಿಜವಾಗಿಯೂ ಕೆಟ್ಟು ಕೂತಿದೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ಕೇಳುತ್ತೀರಿ. ಹೋದ ವಾರ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ದೊಡ್ಡ ಕಾರು, ಬಿಳಿ ಅಂಗಿಯ ಡ್ರೈವರ್. ಒಳಗೆ ಮಾತುಕತೆ ನಡೆಯುತ್ತಿದ್ದಾಗ ಪಾರ್ವತಿ ಒಂದು ತಟ್ಟೆ ತಂದು ನನ್ನ ಕೈಗಿಟ್ಟಳು. "ಡ್ರೈವರ್‌ಗೆ ಕೊಟ್ಟು, ಹುಡುಗ ಹೆಂಗೆ ಅಂತ ನೀವೇ ಕೇಳ್ರಿ. ಅವನು ನಿಜ ಹೇಳ್ತಾನೆ," ಎಂದಳು.

ತಟ್ಟೆ ಹಿಡಿದುಕೊಂಡು ಹೋದೆ. ಅವನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ನಾನು ಅವನ ಮುಂದೆ ಕೂತೆ. ಕೇಳಲು ಬಾಯಿ ತೆರೆದವನು, ಇನ್ನಷ್ಟು ಬಡಿಸಲೇ ಎಂದಷ್ಟೇ ಕೇಳಿದೆ. ಅವನು ಏನು ಹೇಳಿದರೂ ನಾನು ನಂಬಲಾರೆ ಎಂದು ಗೊತ್ತಾಯಿತು. ಒಬ್ಬ ತಂದೆಗೆ ಕೇಳಿ ತಿಳಿಯುವ ದಾರಿಯೊಂದು ಇತ್ತು, ಅದನ್ನು ನಾನೇ ಮುಚ್ಚಿದ್ದೆ. ನನ್ನ ಮಗಳಿಗಾಗಿ ನಡುಗಿದೆ. ನಿಮ್ಮ ಮಗಳಿಗಾಗಿ ಒಮ್ಮೆಯೂ ಹಾಗೆ ನಡುಗಿರಲಿಲ್ಲ ಎನ್ನುವುದೂ ಆಗಲೇ ತಿಳಿಯಿತು. ಆ ಸಂಜೆ ಪಾರ್ವತಿಗೆ ಎಲ್ಲ ಹೇಳಿದೆ. "ನನಗೆ ಹೇಳಿ ಏನು ಬಂತು? ಅವರಿಗೆ ಹೇಳ್ರಿ," ಎಂದಳು.

ಬರುತ್ತೇನೆ ಅವ್ವಾ. ಬಸ್ಸಿನಲ್ಲಿ ಬರುತ್ತೇನೆ. ಸಮಾಜದ ಹಿರಿಯರನ್ನು ಮತ್ತೆ ಸೇರಿಸಿ, ಅದೇ ಜಾಗದಲ್ಲಿ, ಡ್ರೈವರ್ ರಾಜು ನಾನೇ ಎಂದು ಹೇಳುವುದು ಆಮೇಲಿನ ಕೆಲಸ. ಮೊದಲು ನಿಮ್ಮ ಬಾಗಿಲು. ಕ್ಷಮೆ ಕೇಳಲು ಬರುತ್ತಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಆ ದಿನ ನಿಮ್ಮನ್ನು ನೋಡಿ ನಕ್ಕರಲ್ಲ, ನೀವು ಸುಳ್ಳು ಹೇಳಿರಲಿಲ್ಲ, ನಿಮ್ಮ ಬುದ್ಧಿ ಕೆಟ್ಟಿರಲಿಲ್ಲ, ಅಂಥ ಒಬ್ಬ ಮನುಷ್ಯ ನಿಮ್ಮ ಕೈಯಲ್ಲಿ ಉಂಡದ್ದು ನಿಜ ಎಂದು ಹೇಳಲು ಬರುತ್ತಿದ್ದೇನೆ.

ಭಯ ಒಂದೇ. ನಾನು ಹೊಸಿಲ ಹೊರಗೆ ನಿಂತು ಮಾತಾಡಿದ ಕೂಡಲೇ ನೀವು ದನಿ ಗುರುತಿಸುತ್ತೀರಿ. ಇಷ್ಟು ವರ್ಷ ಹುಡುಕಿದ ಡ್ರೈವರ್ ಬಂದನೆಂದು ಎದ್ದೇಳುತ್ತೀರಿ. "ಬಾ ನಾಯನಾ, ಉಂಡ್ಯಾ?" ಎನ್ನುತ್ತೀರಿ. ಗೋಡೆ ಹಿಡಿದುಕೊಂಡು ತಟ್ಟೆ ತರಲು ನೀವು ಒಳಗೆ ಹೊರಡುವ ಮುಂಚೆಯೇ ನಾನು ಎಲ್ಲವನ್ನೂ ಹೇಳಿ ಮುಗಿಸಬೇಕು.